ಗ್ರಹಣದ ನೆರಳು, ಸೂರ್ಯನ ಕಿರೀಟ

ಸೂರ್ಯನನ್ನು ನಾವು ದಿನವೂ ಕಾಣುತ್ತೇವೆಂಬುದು ಅರ್ಧ ಮಾತ್ರ ನಿಜ. ನಮ್ಮ ಕಣ್ಣಿಗೆ ಬೀಳುವುದು ಅವನ ಉರಿಯುವ ಬಿಂಬ. ಆ ಬಿಂಬದ ಸುತ್ತ ಲಕ್ಷಾಂತರ ಕಿಲೊಮೀಟರುಗಳಷ್ಟು ದೂರ ಹರಡಿಕೊಂಡಿರುವ ತೆಳುವಾದ ಪ್ರಭೆಯೊಂದುಂಟು. ಅದಕ್ಕೆ ವಿಜ್ಞಾನಿಗಳು ಕರೋನಾ, ಅಂದರೆ ಕಿರೀಟವೆಂದು ಹೆಸರಿಟ್ಟಿದ್ದಾರೆ. ಈ ಕಿರೀಟ ಸದಾ ಇರುವಂಥದೇ, ಆದರೂ ಕಾಣದು. ಬಿಂಬದ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಮಾತ್ರ ಅದರ ಬೆಳಕು. ಉರಿಯುವ ಪೆಟ್ರೋಮ್ಯಾಕ್ಸಿನ ಪಕ್ಕದಲ್ಲಿ ಮಿಂಚುಹುಳು ಕುಳಿತರೆ ಯಾರಿಗೆ ಕಾಣಿಸೀತು? ದೀಪಕ್ಕೆ ಯಾರಾದರೂ ಕೈ ಅಡ್ಡ ಹಿಡಿಯಬೇಕು. ಸೂರ್ಯನಿಗೆ ಹಾಗೆ ಕೈ ಅಡ್ಡ ಹಿಡಿಯಬಲ್ಲವನು ಬಹುಕಾಲದವರೆಗೆ ಒಬ್ಬನೇ ಇದ್ದ, ಅವನು ಚಂದ್ರ.

ಚಂದ್ರನಿಗೆ ಈ ಯೋಗ್ಯತೆ ಬಂದದ್ದು ಒಂದು ಆಕಸ್ಮಿಕದಿಂದ. ಸೂರ್ಯನ ವ್ಯಾಸ ಚಂದ್ರನದಕ್ಕಿಂತ ಸುಮಾರು ನಾನೂರು ಪಟ್ಟು ದೊಡ್ಡದು. ಸೂರ್ಯನು ಇರುವುದೂ ಚಂದ್ರನಿಗಿಂತ ಸುಮಾರು ನಾನೂರು ಪಟ್ಟು ದೂರ. ಹೀಗಾಗಿ ಆಕಾಶದಲ್ಲಿ ಎರಡೂ ಒಂದೇ ಗಾತ್ರದವಾಗಿ ಕಾಣುತ್ತವೆ. ಚಂದ್ರ ಸರಿಯಾಗಿ ಎದುರಿಗೆ ಬಂದು ನಿಂತಾಗ ಬಿಂಬವಷ್ಟೇ ಮುಚ್ಚುತ್ತದೆ, ಕಿರೀಟ ಹೊರಗೆ ಉಳಿಯುತ್ತದೆ. ಇದೇ ಖಗ್ರಾಸ ಗ್ರಹಣ. ಆದರೆ ಚಂದ್ರನ ಆ ಗಾಢವಾದ ನೆರಳು ಭೂಮಿಯ ಮೇಲೆ ಬೀಳುವುದು ಒಂದು ಕಿರಿದಾದ ಪಟ್ಟಿಯಲ್ಲಿ. ಲೆಕ್ಕ ಹಾಕಿದವರ ಪ್ರಕಾರ ಒಂದೇ ಊರಿನ ಮೇಲೆ ಅದು ಮತ್ತೆ ಬೀಳಬೇಕಾದರೆ ಸರಾಸರಿ ಮುನ್ನೂರೆಪ್ಪತ್ತು ವರ್ಷಗಳಾದರೂ ಬೇಕು.

ಅಂಥ ನೆರಳು ನಮ್ಮ ಧಾರವಾಡ ಜಿಲ್ಲೆಯ ಮೇಲೆ ಬಿದ್ದದ್ದು 1980ನೆಯ ಇಸವಿ ಫೆಬ್ರುವರಿ 16ರಂದು. ಅಂದು ಶನಿವಾರ, ಶಿವರಾತ್ರಿಯ ಬೆನ್ನಿಗೆ ಬಂದ ಅಮಾವಾಸ್ಯೆ. ಅಟ್ಲಾಂಟಿಕ್ ಸಾಗರದಲ್ಲಿ ಹುಟ್ಟಿದ ನೆರಳು ಆಫ್ರಿಕವನ್ನು ದಾಟಿ, ಅರಬ್ಬಿ ಸಮುದ್ರದ ಮೇಲೆ ಹಾಯ್ದು, ಅಂಕೋಲೆಯ ಬಳಿ ನಮ್ಮ ಕರಾವಳಿಯನ್ನು ಮುಟ್ಟಿತು. ಅಲ್ಲಿಂದ ಘಟ್ಟ ಏರಿ, ಕಲಘಟಗಿ ತಾಲ್ಲೂಕಿನ ಕಾಡಂಚಿನ ಹಳ್ಳಿಗಳ ಮೇಲೆ, ದುಮ್ಮವಾಡದ ಮೇಲೆ, ಅದರ ಸಮೀಪದ ನೀರಸಾಗರದ ನೀರಿನ ಮೇಲೆ ಹಾದು, ಹುಬ್ಬಳ್ಳಿ, ಗದಗ, ರಾಯಚೂರುಗಳನ್ನು ಕವಿದು ಪೂರ್ವಕ್ಕೆ ಹೋಯಿತು. ನೂರು ಕಿಲೊಮೀಟರಿಗೂ ಮಿಕ್ಕಿದ ಅಗಲದ ಈ ಪಟ್ಟಿ ಜೆಟ್ ವಿಮಾನವನ್ನು ಹಿಂದೆ ಹಾಕುವ ವೇಗದಲ್ಲಿ ಓಡುತ್ತಿತ್ತು. ಬೆಳಗಾವಿಯವರು, ದಾವಣಗೆರೆಯವರು ಪಟ್ಟಿಯ ಹೊರಗಿದ್ದರು. ಅವರಿಗೆ ದಕ್ಕಿದ್ದು ಖಂಡಗ್ರಾಸ ಮಾತ್ರ. ದುಮ್ಮವಾಡದವರಿಗೆ ಮಧ್ಯಾಹ್ನ ಮೂರೂವರೆ ದಾಟಿದ ಸ್ವಲ್ಪ ಹೊತ್ತಿಗೆ, ಸೂರ್ಯ ಪಡುವಲಿಗೆ ವಾಲಿ ಇನ್ನೂ ಸಾಕಷ್ಟು ಎತ್ತರದಲ್ಲಿರುವಾಗಲೇ, ಎರಡೂವರೆ ನಿಮಿಷದ ಆಸುಪಾಸು ಹಗಲಿನಲ್ಲೇ ಇರುಳು ಬಂದಿತ್ತು. ಆ ವರ್ಷ ಸೂರ್ಯನ ಮೇಲೆ ಕಲೆಗಳು ಹೆಚ್ಚಾಗಿದ್ದ ಕಾಲ. ಅಂಥ ಕಾಲದಲ್ಲಿ ಕಿರೀಟ ಎರಡು ಕಡೆ ಜೋತುಬಿದ್ದ ರೆಕ್ಕೆಯಂತಿರದೆ ಸುತ್ತಲೂ ಸಮನಾಗಿ ಅರಳಿದ ಸೇವಂತಿಗೆಯಂತೆ ಕಾಣುತ್ತದೆ. ಅಂದಿನ ಕಿರೀಟವೂ ಹಾಗೆಯೇ ಇತ್ತು.

ಅದನ್ನು ಎಷ್ಟು ಜನ ನೋಡಿದರು? ದೇಶದ ಎಷ್ಟೋ ಊರುಗಳಲ್ಲಿ ಅಂದು ಬೀದಿಗಳು ಬರಿದಾಗಿದ್ದವು. ಬಾಗಿಲು ಕಿಟಕಿಗಳು ಮುಚ್ಚಿದ್ದವು. ಮುಂದಿನ ಹತ್ತಾರು ತಲೆಮಾರುಗಳವರೆಗೆ ತಮ್ಮ ಅಂಗಳಕ್ಕೆ ಬಾರದ ಅತಿಥಿ ಬಾಗಿಲಿಗೆ ಬಂದು ನಿಂತಾಗ ಬಹುಮಂದಿ ಒಳಗೆ ಕುಳಿತಿದ್ದರೆಂಬುದು ಬೇಸರದ ಸಂಗತಿ. ಭಯಕ್ಕೆ ಪೂರ್ತಿ ಕಾರಣವಿರಲಿಲ್ಲವೆಂದೂ ಹೇಳಲಾಗದು. ಬಿಂಬದ ಒಂದು ಚೂರು ಹೊರಗಿದ್ದರೂ ಬರಿಗಣ್ಣಿನಿಂದ ನೋಡುವುದು ಅಪಾಯವೇ. ಪೂರ್ತಿ ಮುಚ್ಚಿದ ಆ ಎರಡೂವರೆ ನಿಮಿಷ ಮಾತ್ರ ಅಪಾಯವಿಲ್ಲದ ಹೊತ್ತು. ಈ ವ್ಯತ್ಯಾಸವನ್ನು ಜನರಿಗೆ ತಿಳಿಯಹೇಳುವ ಬದಲು ಮನೆಯೊಳಗೇ ಇರಿರೆಂದುಬಿಡುವುದು ಸುಲಭವಾಗಿತ್ತು.

ನಮ್ಮ ಕಡೆ ಗ್ರಹಣದ ದಿನ ತಟ್ಟೆಯಲ್ಲಿ ನೀರು ಹಾಕಿ ಒನಕೆ ನಿಲ್ಲಿಸುವ ರೂಢಿಯುಂಟಷ್ಟೆ. ಗ್ರಹಣ ಹಿಡಿದಿರುವಷ್ಟು ಹೊತ್ತು ಒನಕೆ ತಾನಾಗಿ ನಿಲ್ಲುತ್ತದೆ, ಬಿಟ್ಟಾಗ ಬೀಳುತ್ತದೆ ಎನ್ನುತ್ತಾರೆ. ಒನಕೆಯ ಬುಡ ಸಮತಟ್ಟಾಗಿದ್ದು ನಿಲ್ಲಿಸುವವರ ಕೈ ತಾಳ್ಮೆಯದಾಗಿದ್ದರೆ ಅದು ಯಾವ ದಿನವಾದರೂ ನಿಲ್ಲುತ್ತದೆ. ಗ್ರಹಣವಿಲ್ಲದ ದಿನ ನಾವು ಪ್ರಯತ್ನಿಸಿಯೇ ಇರುವುದಿಲ್ಲ, ಅಷ್ಟೇ. ನಂಬದವರು ನಾಳೆಯೇ ಪರೀಕ್ಷಿಸಿ ನೋಡಬಹುದು. ತಟ್ಟೆಯೂ ಒನಕೆಯೂ ಮನೆಯಲ್ಲೇ ಇವೆ. ಗ್ರಹಣ ಬಿಟ್ಟ ಮೇಲೆ ಸ್ನಾನ ಮಾಡುವವರು ಮಾಡಲಿ, ಜಪ ಮಾಡುವವರು ಮಾಡಲಿ. ಅದರಿಂದ ಖಗೋಳಶಾಸ್ತ್ರಕ್ಕೆ ನಷ್ಟವೇನೂ ಇಲ್ಲ. ಕಿರೀಟವನ್ನು ನೋಡದೆ ಉಳಿದದ್ದೇ ನಷ್ಟ.

ನೆರಳನ್ನು ಅಟ್ಟಿಕೊಂಡು ಸಮುದ್ರ ದಾಟಿ ಬಂದವರ ಕಥೆ ಇದಕ್ಕೂ ನೂರು ವರ್ಷ ಹಿಂದಿನದು. ಅದರಲ್ಲಿಯೂ ನಮ್ಮ ನೆಲಕ್ಕೆ ಪಾಲುಂಟು.

1868ರ ಆಗಸ್ಟ್ 18ರಂದು ಒಂದು ಖಗ್ರಾಸ ಗ್ರಹಣದ ನೆರಳು ವಿಜಾಪುರ ಸೀಮೆಯ ಮೇಲೆ ಹಾದು ಗುಂಟೂರು, ಮಚಲೀಪಟ್ಟಣಗಳ ಕಡೆಗೆ ಹೋಯಿತು. ಆಗ ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬಾತ ದೂರದರ್ಶಕ ಹೂಡಿ ಕಾದಿದ್ದ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ ಈತ. ಭಾರತದ ಭೂಮಾಪನ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ. ಆಗಸ್ಟ್ ತಿಂಗಳೆಂದರೆ ಕೇಳಬೇಕೆ? ಮೋಡ. ಗ್ರಹಣ ಹಿಡಿದ ಮೇಲೂ ಮೋಡ ಸರಿಯಲೊಲ್ಲದು. ನಡುವೆ ಒಂದಿಷ್ಟು ಹೊತ್ತು ತೆರಪು ದೊರೆತಾಗ ಹರ್ಷೆಲ್ ಸೂರ್ಯನ ಅಂಚಿನಿಂದ ಎದ್ದಿದ್ದ ಒಂದು ಜ್ವಾಲೆಯತ್ತ ತನ್ನ ವರ್ಣಪಟಲ ಯಂತ್ರವನ್ನು ತಿರುಗಿಸಿದ. ಅವನಿಗೆ ಕಂಡವು ಮೂರು ಗೆರೆಗಳು: ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ.

ಈ ಗೆರೆಗಳ ಅರ್ಥವೇನು? ಒಲೆಯ ಉರಿಗೆ ಒಂದು ಚಿಟಿಕೆ ಉಪ್ಪು ಎರಚಿ ನೋಡಿ, ಉರಿ ಹಳದಿಯಾಗುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ಎಂಬ ಧಾತು ಕಾದಾಗ ಬಿಡುವ ಬಣ್ಣ ಅದು. ಹಾಗೆಯೇ ಪ್ರತಿಯೊಂದು ಧಾತುವೂ ಅನಿಲರೂಪದಲ್ಲಿ ಕಾದಾಗ ತನಗೆ ನಿಶ್ಚಿತವಾದ ಬಣ್ಣಗಳನ್ನೇ ಬಿಡುತ್ತದೆ. ಆ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಬೇರೆ ಬೇರೆ ಜಾಗದಲ್ಲಿ ಹೊಳೆಯುವ ಗೆರೆಗಳು ಬೀಳುತ್ತವೆ. ಈ ಗೆರೆಗಳು ಧಾತುವಿನ ಹೆಬ್ಬೆಟ್ಟಿನ ಗುರುತಿದ್ದಂತೆ, ಒಂದರ ಗುರುತು ಇನ್ನೊಂದಕ್ಕಿಲ್ಲ. ಬಿಡಿ ಗೆರೆಗಳು ಕಂಡವೆಂದರೆ ಸೂರ್ಯನ ಅಂಚಿನ ಜ್ವಾಲೆ ಕಾದ ಅನಿಲವೇ ಸರಿ ಎಂದು ಹರ್ಷೆಲನಿಗೆ ಖಚಿತವಾಯಿತು. ಕಿತ್ತಳೆ ಗೆರೆಯನ್ನು ಆತ ಸೋಡಿಯಂ ಎಂದೇ ತಿಳಿದ. ಅದೇ ದಿನ ಗುಂಟೂರಿನಲ್ಲಿದ್ದ ಫ್ರೆಂಚ್ ವಿಜ್ಞಾನಿ ಜಾನ್ಸನ್ ಕೂಡ ಗೆರೆಗಳನ್ನು ಕಂಡ. ಅವು ಎಷ್ಟು ಪ್ರಕಾಶಮಾನವಾಗಿದ್ದವೆಂದರೆ ಗ್ರಹಣವಿಲ್ಲದಾಗಲೂ ಇವನ್ನು ನೋಡಬಹುದಲ್ಲ ಎಂದು ಆತನಿಗೆ ಹೊಳೆಯಿತು. ಮರುದಿನ ಬೆಳಗ್ಗೆ ನೋಡಿಯೂಬಿಟ್ಟ. ಇತ್ತ ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕ್ಯರ್ ಎಂಬಾತ ಅದೇ ಅಕ್ಟೋಬರಿನಲ್ಲಿ, ಗ್ರಹಣದ ಹಂಗಿಲ್ಲದೆಯೇ, ಅವನ್ನು ಕಂಡು ಅಳತೆ ಮಾಡಿದ. ಹಳದಿ ಗೆರೆ ಸೋಡಿಯಂ ಇರಬೇಕಾದ ಜಾಗದಿಂದ ಕೂದಲೆಳೆಯಷ್ಟು ಆಚೆ ಇತ್ತು! ಭೂಮಿಯ ಮೇಲೆ ಆಗ ಯಾರಿಗೂ ಗೊತ್ತಿಲ್ಲದ ಒಂದು ಧಾತುವಿನ ಗುರುತು ಅದು. ಸೂರ್ಯನ ಗ್ರೀಕ್ ಹೆಸರಿನಿಂದ ಅದನ್ನು ಹೀಲಿಯಂ ಎಂದು ಕರೆದರು. ಭೂಮಿಯ ಮೇಲೆ ಅದನ್ನು ಹಿಡಿದು ತೋರಿಸಲು 1895ರವರೆಗೆ, ವಿಲಿಯಂ ರ್‍ಯಾಮ್ಸೆ ಒಂದು ಯುರೇನಿಯಂ ಖನಿಜದಿಂದ ಅದನ್ನು ಹೊರತೆಗೆಯುವವರೆಗೆ, ಕಾಯಬೇಕಾಯಿತು. ಜಮಖಂಡಿಯ ಮೋಡದ ಸಂದಿಯಲ್ಲಿ ಹರ್ಷೆಲನಿಗೆ ಕಂಡ ಕಿತ್ತಳೆ ಗೆರೆ ಇದೇ. ಜಾತ್ರೆಯಲ್ಲಿ ಮಕ್ಕಳ ಕೈಯಿಂದ ತಪ್ಪಿಸಿಕೊಂಡು ಮೇಲೇರುವ ಕೆಲವು ಬಲೂನುಗಳಲ್ಲಿ ತುಂಬುವುದೂ ಇದೇ ಅನಿಲವನ್ನು.

ಹೀಲಿಯಂ ಪತ್ತೆಯಾದದ್ದು ಕೊಂಕಣದ ವಿಜಯದುರ್ಗದ ಕೋಟೆಯಲ್ಲಿ ಎಂಬ ಮಾತು ಆಗಾಗ ಕೇಳಿಬರುತ್ತದೆ. ಲಾಕ್ಯರ್ ವಿಜಯದುರ್ಗದಲ್ಲಿ ಡೇರೆ ಹಾಕಿದ್ದು ನಿಜ. ಆದರೆ ಅದು 1898ರ ಜನವರಿ ಗ್ರಹಣಕ್ಕೆ. ಅದಕ್ಕೂ ಮೊದಲು 1871ರ ಡಿಸೆಂಬರ್ 12ರ ಗ್ರಹಣಕ್ಕೆ ಆತ ಬಂದು ನಿಂತದ್ದು ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ, ಈಗ ಕಾಸರಗೋಡಿನ ಬೇಕಲ ಕೋಟೆಯಲ್ಲಿ. ಕೆಳದಿಯ ನಾಯಕರ ಕೋಟೆಯಲ್ಲಿ ಸೂರ್ಯನ ಕಿರೀಟವನ್ನು ಅಳೆದದ್ದು ಕನ್ನಡಿಗರಿಗೆ ನೆನಪಿರಬೇಕಾದ ಸಂಗತಿ.

ಜ್ವಾಲೆಗಳ ಒಗಟು ಬಿಡಿಸಿತು. ಕಿರೀಟದ್ದು ಬಿಡಿಸಲಿಲ್ಲ. 1869ರಲ್ಲಿ ಅಮೆರಿಕದಲ್ಲಿ ಕಂಡ ಗ್ರಹಣದಲ್ಲಿ ಕಿರೀಟದ ಬೆಳಕಿನಲ್ಲಿ ಒಂದು ಹಸಿರು ಗೆರೆ ದೊರೆಯಿತು. ಅದೂ ಯಾವ ಧಾತುವಿನದೂ ಅಲ್ಲ. ಹೀಲಿಯಂ ಉದಾಹರಣೆ ಕಣ್ಣ ಮುಂದಿತ್ತಾದ್ದರಿಂದ ಇದೂ ಹೊಸ ಧಾತುವೇ ಇರಬೇಕೆಂದು ‘ಕರೋನಿಯಂ’ ಎಂದು ಹೆಸರನ್ನೂ ಇಟ್ಟರು. ಎಪ್ಪತ್ತು ವರ್ಷ ಹುಡುಕಿದರೂ ಕರೋನಿಯಂ ಸಿಗಲಿಲ್ಲ. ಕೊನೆಗೆ 1940ರ ಸುಮಾರಿಗೆ ಜರ್ಮನಿಯ ಗ್ರೋಟ್ರಿಯನ್ ಮತ್ತು ಸ್ವೀಡನ್ನಿನ ಎಡ್ಲೆನ್ ಇದರ ಗುಟ್ಟನ್ನು ಹೊರಗೆಡವಿದರು. ಅದು ನಮ್ಮ ಕುಡುಗೋಲು ನೇಗಿಲುಗಳ ಕಬ್ಬಿಣವೇ! ಆದರೆ ತನ್ನ 26 ವಿದ್ಯುತ್ಕಣಗಳಲ್ಲಿ 13ನ್ನು ಕಳೆದುಕೊಂಡ ಕಬ್ಬಿಣ. ಕಾದಂತೆಲ್ಲ ಪರಮಾಣು ತನ್ನ ವಿದ್ಯುತ್ಕಣಗಳನ್ನು ಹೇಗೆ ಕಳೆದುಕೊಳ್ಳುತ್ತದೆಂಬ ಲೆಕ್ಕವನ್ನು 1920ರಲ್ಲಿ ನಮ್ಮ ಮೇಘನಾದ ಸಹಾ ಅವರು ಹಾಕಿಕೊಟ್ಟಿದ್ದು, ನಕ್ಷತ್ರಗಳ ಬೆಳಕನ್ನು ಓದುವ ವಿದ್ಯೆಗೆ ಅದೇ ತಳಹದಿಯಾಗಿತ್ತು. ಕಬ್ಬಿಣ ಇಷ್ಟು ಬತ್ತಲಾಗಬೇಕಾದರೆ ಕಿರೀಟದ ಬಿಸಿ ಹತ್ತಿಪ್ಪತ್ತು ಲಕ್ಷ ಡಿಗ್ರಿಗಳಷ್ಟಿರಬೇಕು.

ಇಲ್ಲಿಂದ ನಿಜವಾದ ಒಗಟು ಶುರುವಾಯಿತು. ಸೂರ್ಯನ ಮೈಯ ಬಿಸಿ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಒಲೆಯಿಂದ ದೂರ ಸರಿದಷ್ಟೂ ತಂಪಾಗುವುದು ಲೋಕದ ನಿಯಮ. ಸೂರ್ಯನ ಬಳಿ ಮಾತ್ರ ಒಲೆಯಿಂದ ದೂರ ಹೋದಂತೆ ಬಿಸಿ ನೂರಾರು ಪಟ್ಟು ಏರುತ್ತದೆ. ಕಿರೀಟ ಅತಿ ತೆಳುವಾದದ್ದು ಎಂಬುದನ್ನು ಮಾತ್ರ ಮರೆಯಬಾರದು. ದೀಪಾವಳಿಯ ಸುರಸುರಬತ್ತಿಯ ಕಿಡಿ ಕುದಿಯುವ ನೀರಿಗಿಂತ ಎಷ್ಟೋ ಹೆಚ್ಚು ಬಿಸಿ. ಆದರೂ ಕೈಮೇಲೆ ಬಿದ್ದರೆ ಚುರುಕ್ಕೆಂದು ಆರಿಹೋಗುತ್ತದೆ, ಏಕೆಂದರೆ ಅದರಲ್ಲಿ ಪದಾರ್ಥವೇ ಅತ್ಯಲ್ಪ. ಕಿರೀಟದ ಬಿಸಿಯೂ ಅಂಥದು. ಆದರೆ ಆ ಅತ್ಯಲ್ಪವನ್ನು ಕಾಯಿಸುವವರು ಯಾರು? ಸೂರ್ಯನ ಮೈಯಿಂದೆದ್ದ ಕಾಂತಬಲದ ರೇಖೆಗಳು ತೊನೆಯುತ್ತ ಅಲೆಗಳನ್ನು ಮೇಲಕ್ಕೆ ಸಾಗಿಸುತ್ತವೆಂದು ಕೆಲವರು ಹೇಳುತ್ತಾರೆ. ಅದೇ ರೇಖೆಗಳು ಹೆಣೆದುಕೊಂಡು ತುಂಡಾಗಿ ಲೆಕ್ಕವಿಲ್ಲದಷ್ಟು ಸಣ್ಣ ಸಣ್ಣ ಸ್ಫೋಟಗಳಾಗುತ್ತವೆಂದು ಇನ್ನು ಕೆಲವರು. ಎರಡೂ ಇರಬಹುದು. ತೀರ್ಪಾಗಬೇಕಾದರೆ ಕಿರೀಟವನ್ನು ಎಡೆಬಿಡದೆ ನೋಡುತ್ತಿರಬೇಕು. ಚಂದ್ರ ಕೊಡುವುದು ಮಾತ್ರ ಎರಡು ಮೂರು ನಿಮಿಷ, ಬಹಳವೆಂದರೆ ಏಳು.

ಈ ಜಿಪುಣತನದಿಂದ ನೊಂದವರಲ್ಲೊಬ್ಬರು ಜಗದೇವ ಸಿಂಗ್. 1980ರ ಗ್ರಹಣದ ವೇಳೆ ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯಲ್ಲಿ ಅವರಿನ್ನೂ ತರುಣ ವಿಜ್ಞಾನಿ. ಸಂಸ್ಥೆಯ ನಿರ್ದೇಶಕರಾಗಿದ್ದ ವೇಣು ಬಾಪು ಅವರ ಪ್ರೇರಣೆಯಿಂದ, ದುಮ್ಮವಾಡದ ಮೇಲೆ ಹಾದ ಅದೇ ನೆರಳನ್ನು ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಕಾದು ಹಿಡಿದರು; ಕಿರೀಟದ ಕಬ್ಬಿಣದ ಇನ್ನೊಂದು ಗೆರೆಯನ್ನು, ಕೆಂಪು ಗೆರೆಯನ್ನು, ಅಳೆದರು. ಅಲ್ಲಿಂದ 2010ರವರೆಗೆ ಜಗದೇವ ಸಿಂಗ್ ಅವರು ಪ್ರಪಂಚದ ನಾನಾ ಕಡೆ ಹತ್ತು ಗ್ರಹಣಗಳ ಬೆನ್ನುಹತ್ತಿ ಹೋದರು. ಹತ್ತನ್ನೂ ಕೂಡಿಸಿದರೂ ಕಿರೀಟ ಕಾಣಲು ದೊರೆಯುವುದು ಒಂದು ಗಂಟೆಗೂ ಕಡಮೆ ಕಾಲ. ಚಂದ್ರನನ್ನು ನಂಬಿ ಕೂರುವುದಕ್ಕಿಂತ ಆಕಾಶದಲ್ಲಿ ನಾವೇ ಒಂದು ಕೃತಕ ಗ್ರಹಣವನ್ನು ಏರ್ಪಡಿಸಬಾರದೇಕೆ ಎಂದು ಅವರು ಇಸ್ರೋದ ಮುಂದೆ ಇಟ್ಟ ಪ್ರಸ್ತಾಪವೇ ಬೆಳೆದು ಆದಿತ್ಯ ಎಂಬ ನೌಕೆಯಾಯಿತು.

ಕೃತಕ ಗ್ರಹಣದ ಯುಕ್ತಿ ಹೊಸದಲ್ಲ. ಫ್ರಾನ್ಸಿನ ಬರ್ನಾರ್ಡ್ ಲಿಯೋ 1930ರಲ್ಲೇ ದೂರದರ್ಶಕದೊಳಗೆ ಒಂದು ಸಣ್ಣ ಬಿಲ್ಲೆಯನ್ನಿಟ್ಟು ಬಿಂಬವನ್ನು ಮರೆಮಾಡಿ, ಎತ್ತರದ ಪರ್ವತದ ಮೇಲಿನಿಂದ ಕಿರೀಟವನ್ನು ಕಂಡಿದ್ದ. ಆದರೆ ನೆಲದ ಮೇಲೆ ಗಾಳಿಯೇ ವೈರಿ. ಬಿಂಬದ ಬೆಳಕು ಗಾಳಿಯಲ್ಲಿ ಚೆದರಿ ಆಕಾಶವೆಲ್ಲ ಬೆಳಗುತ್ತದೆ, ಕಿರೀಟ ಅದರಲ್ಲಿ ಮುಳುಗಿಹೋಗುತ್ತದೆ. ಆದ್ದರಿಂದ ಗಾಳಿಯಾಚೆ ಹೋಗಬೇಕು. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟೆಯಿಂದ ಹೊರಟ ಆದಿತ್ಯ-ಎಲ್1 ನಾಲ್ಕು ತಿಂಗಳ ಪ್ರಯಾಣ ಮಾಡಿ 2024ರ ಜನವರಿ 6ರಂದು ತನ್ನ ನೆಲೆ ಸೇರಿತು. ಅದರಲ್ಲಿ ಏಳು ಉಪಕರಣಗಳಿವೆ. ಎಲ್ಲಕ್ಕಿಂತ ದೊಡ್ಡದು, ಸುಮಾರು 190 ಕಿಲೋ ತೂಕದ ವೆಲ್ಕ್, ಸಿದ್ಧವಾದದ್ದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ, ಅದೇ ಖಗೋಳಭೌತ ಸಂಸ್ಥೆಯ ಆವರಣದಲ್ಲಿ. ಧೂಳಿನ ಒಂದು ಕಣ ಕನ್ನಡಿಯ ಮೇಲೆ ಕೂತರೂ ಬಿಂಬದ ಬೆಳಕು ಅದಕ್ಕೆ ತಾಗಿ ಚೆದರಿ ಕಿರೀಟವನ್ನು ನುಂಗಿಬಿಡುತ್ತದೆ. ಆದ್ದರಿಂದ ಕನ್ನಡಿಗಳನ್ನು ಅತಿ ನುಣುಪಾಗಿ ಉಜ್ಜಿ, ಧೂಳಿಲ್ಲದ ಕೋಣೆಯಲ್ಲಿ ಜೋಡಿಸಬೇಕಾಯಿತು. ಬಿಂಬದ ಬೆಳಕನ್ನು ಪಕ್ಕಕ್ಕೆ ಸಾಗಹಾಕಿ ಕಿರೀಟದ ಬೆಳಕನ್ನಷ್ಟೇ ಒಳಕ್ಕೆ ಬಿಟ್ಟುಕೊಳ್ಳುವುದು ಇದರ ಕೆಲಸ. ಅದು ನೋಡುವ ಗೆರೆಗಳಲ್ಲಿ 1869ರ ಆ ಹಸಿರು ಗೆರೆಯೂ ಒಂದು.

ಆದಿತ್ಯ ನೆಲೆಸಿರುವ ಜಾಗವಾದರೂ ವಿಚಿತ್ರವಾದದ್ದು. ಭೂಮಿಯಿಂದ ಸೂರ್ಯನ ದಿಕ್ಕಿನಲ್ಲಿ 15 ಲಕ್ಷ ಕಿಲೊಮೀಟರ್ ದೂರ. ಸೂರ್ಯನವರೆಗಿನ ದಾರಿಯಲ್ಲಿ ನೂರಕ್ಕೆ ಒಂದು ಪಾಲು. ಸಾಮಾನ್ಯವಾಗಿ ಸೂರ್ಯನಿಗೆ ಹತ್ತಿರವಿರುವ ವಸ್ತು ಭೂಮಿಗಿಂತ ಬೇಗ ಸುತ್ತಿ ಮುಂದೆ ಹೋಗಿಬಿಡಬೇಕು. ಈ ಜಾಗದಲ್ಲಿ ಮಾತ್ರ ಭೂಮಿ ಅದನ್ನು ಹಿಂದಕ್ಕೆ ಎಳೆದು ಹಿಡಿದಿರುತ್ತದೆ. ಆದ್ದರಿಂದ ಅದು ಭೂಮಿಯ ಜೊತೆಜೊತೆಗೇ ವರ್ಷಕ್ಕೊಂದು ಸುತ್ತು ಹಾಕುತ್ತದೆ. 1772ರಲ್ಲಿ ಲಗ್ರಾಂಜ್ ಎಂಬ ಗಣಿತಜ್ಞ ಇದರ ಲೆಕ್ಕ ಮಾಡಿದ್ದ. ಅಲ್ಲಿ ರಾತ್ರಿಯಿಲ್ಲ, ಮೋಡವಿಲ್ಲ, ಸೂರ್ಯ ಕಣ್ಮರೆಯಾಗುವುದೇ ಇಲ್ಲ. ರೇಡಿಯೋ ಇಟ್ಟುಕೊಂಡವರಿಗೆ ಒಂದು ಸಂಗತಿ ರುಚಿಸೀತು: ಆದಿತ್ಯ ಸರಿಯಾಗಿ ಆ ಬಿಂದುವಿನಲ್ಲೇ ನಿಲ್ಲುವುದಿಲ್ಲ, ಅದರ ಸುತ್ತ ದೊಡ್ಡದೊಂದು ಪ್ರದಕ್ಷಿಣೆ ಹಾಕುತ್ತಿರುತ್ತದೆ. ಬಿಂದುವಿನಲ್ಲೇ ನಿಂತರೆ ನೆಲದ ಆಂಟೆನಾಗಳಿಗೆ ಅದರ ಬೆನ್ನ ಹಿಂದೆಯೇ ಸೂರ್ಯನಿರುತ್ತಾನೆ. ಸೂರ್ಯನೂ ರೇಡಿಯೋ ಅಲೆಗಳನ್ನು ಬಿಡುವವನೇ. ಆ ಗೊರಗೊರ ಸದ್ದಿನಲ್ಲಿ ನೌಕೆಯ ಕ್ಷೀಣ ಧ್ವನಿ ಮುಳುಗಿಹೋಗುತ್ತಿತ್ತು. ಅಷ್ಟು ದೂರದ ನೌಕೆಗಳ ಮಾತನ್ನು ಕೇಳಲೆಂದೇ ಬೆಂಗಳೂರಿನ ಹೊರವಲಯದ ಬ್ಯಾಲಾಳು ಗ್ರಾಮದಲ್ಲಿ 32 ಮೀಟರ್ ಅಗಲದ ಬೋಗುಣಿಯಂಥ ಆಂಟೆನಾ ಇದೆ.

ಇಷ್ಟೆಲ್ಲ ಏಕೆ ಎಂದು ಕೇಳುವವರಿಗೆ ಉತ್ತರ ಅವರ ರೇಡಿಯೋದಲ್ಲೇ ಇದೆ. ಹ್ರಸ್ವ ತರಂಗದಲ್ಲಿ ದೂರದೇಶದ ನಿಲ್ದಾಣ ಕೇಳುತ್ತಿರುವಾಗ ನಟ್ಟನಡು ಹಗಲಿನಲ್ಲಿ ಇದ್ದಕ್ಕಿದ್ದಂತೆ ಧ್ವನಿ ಅಡಗಿ, ಕಾಲು ಗಂಟೆಯೋ ಅರ್ಧ ಗಂಟೆಯೋ ಕಳೆದು ಮರಳುವುದುಂಟು. ಪೆಟ್ಟಿಗೆ ಕೆಟ್ಟಿತೆಂದು ತಟ್ಟುವವರೇ ಹೆಚ್ಚು. ಎಷ್ಟೋ ಸಲ ತಪ್ಪು ಪೆಟ್ಟಿಗೆಯದಲ್ಲ, ಸೂರ್ಯನದು. ಭೂಮಿಯಿಂದ ಅರವತ್ತು ಕಿಲೊಮೀಟರಿನಿಂದಾಚೆಗೆ ಗಾಳಿಯಲ್ಲಿ ವಿದ್ಯುತ್ಕಣಗಳ ಪದರಗಳಿವೆ. ಮೇಲಿನ ಪದರಗಳು ಹ್ರಸ್ವ ತರಂಗಗಳನ್ನು ಕನ್ನಡಿಯಂತೆ ಹಿಂದಿರುಗಿಸಿ ದೂರದೇಶಕ್ಕೆ ಮುಟ್ಟಿಸುತ್ತವೆ; ತೀರ ಕೆಳಗಿನ ಪದರ ಅವನ್ನು ಹೀರುತ್ತದೆ. ಸೂರ್ಯನಲ್ಲಿ ಸ್ಫೋಟವಾದಾಗ ಹೊರಟ ಕ್ಷ-ಕಿರಣ ಎಂಟು ನಿಮಿಷದಲ್ಲಿ ಇಲ್ಲಿಗೆ ತಲುಪಿ ಆ ಕೆಳಪದರವನ್ನು ದಟ್ಟಗೊಳಿಸುತ್ತದೆ, ಹಗಲಿರುವ ಭೂಭಾಗದಲ್ಲೆಲ್ಲ ಧ್ವನಿ ನಿಲ್ಲುತ್ತದೆ. ರಾತ್ರಿ ಈ ಪದರ ಕರಗಿಹೋಗುವುದರಿಂದಲೇ ಮಧ್ಯಮ ತರಂಗದಲ್ಲಿ ಹಗಲು ಕೇಳದ ದೂರದ ನಿಲ್ದಾಣಗಳು ರಾತ್ರಿ ಕೇಳುವುದು. ಖಗ್ರಾಸ ಗ್ರಹಣದ ನೆರಳಿನಲ್ಲೂ ಅದೇ ಪದರ ಕೆಲಹೊತ್ತು ತೆಳ್ಳಗಾಗುತ್ತದೆ. ಅಂಥ ಹೊತ್ತಿನಲ್ಲಿ ರೇಡಿಯೋ ಹಚ್ಚಿಕೊಂಡು ಮುಳ್ಳು ತಿರುಗಿಸುತ್ತ ಕೂತವರು ದೂರದ ಊರುಗಳನ್ನು ಹಗಲಲ್ಲೇ ಕೇಳಿದ್ದುಂಟು.

ಕ್ಷ-ಕಿರಣ ಮುಂಗಡ ದೂತ ಮಾತ್ರ. ಕೆಲವೊಮ್ಮೆ ಕಿರೀಟದ ಒಂದು ದೊಡ್ಡ ತುಂಡೇ ಕಿತ್ತುಕೊಂಡು, ಶತಕೋಟಿಗಟ್ಟಲೆ ಟನ್ನಿನ ಬಿಸಿ ಅನಿಲವಾಗಿ, ತನ್ನ ಕಾಂತಬಲವನ್ನೂ ಹೊತ್ತು ಒಂದರಿಂದ ಮೂರು ದಿನಗಳಲ್ಲಿ ಭೂಮಿಗೆ ಬಂದು ಬಡಿಯುತ್ತದೆ. 1859ರ ಸೆಪ್ಟೆಂಬರಿನಲ್ಲಿ ಹಾಗೆ ಬಡಿದದ್ದು ಹದಿನೆಂಟು ಗಂಟೆಗಳೊಳಗೇ ಬಂದಿತ್ತು. ಯೂರೋಪು ಅಮೆರಿಕಗಳ ತಂತಿ ಕಚೇರಿಗಳಲ್ಲಿ ಕಿಡಿ ಹಾರಿದವು. ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಕಾಂತಸೂಜಿ ಹಿಂದೆಂದೂ ಕಾಣದಷ್ಟು ಕುಸಿಯಿತು. ಆ ಬಿರುಗಾಳಿಯ ಬಲವನ್ನು ಇಂದಿಗೂ ವಿಜ್ಞಾನಿಗಳು ಅಂದಾಜು ಮಾಡುವುದು ಕೊಲಾಬಾದ ಆ ದಾಖಲೆಯನ್ನು ಇಟ್ಟುಕೊಂಡೇ. 1989ರ ಮಾರ್ಚ್ 13ರಂದು ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ಅರವತ್ತು ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿ ಕುಳಿತರು. 2022ರ ಫೆಬ್ರುವರಿಯಲ್ಲಿ ಅಮೆರಿಕದ ಒಂದು ಕಂಪನಿ ಆಗತಾನೆ ಹಾರಿಸಿದ್ದ 49 ಉಪಗ್ರಹಗಳಲ್ಲಿ 40ರಷ್ಟು ಬಿದ್ದು ಉರಿದುಹೋದವು. 2024ರ ಮೇ 10 ಮತ್ತು 11ರಂದು ಬಂದದ್ದು ಇಪ್ಪತ್ತು ವರ್ಷಗಳಲ್ಲೇ ಬಲವಾದದ್ದು. ಧ್ರುವಪ್ರದೇಶಗಳ ಕೆಂಪು ಬೆಳಕು ಅಂದು ಲಡಾಖಿನ ಹಾನ್ಲೆಯ ಆಕಾಶದಲ್ಲೂ ಕಂಡಿತು. ಆದಿತ್ಯನ ಉಪಕರಣಗಳು ಅದನ್ನು ಅಳೆದವು.

ನಾವು ಧ್ರುವದಿಂದ ದೂರವಿರುವುದರಿಂದ ಕ್ವಿಬೆಕ್ಕಿನ ಗತಿ ನಮಗೆ ಸುಲಭವಾಗಿ ಬಾರದು. ಆದರೆ ಮುಂಗಾರಿನ ಮೋಡದ ಚಿತ್ರ ಕಳಿಸುವ ಇನ್ಸಾಟ್ ಉಪಗ್ರಹಗಳು ಆ ಬಿರುಗಾಳಿಯ ದಾರಿಯಲ್ಲೇ ಇವೆ. ಅವನ್ನು ನಡೆಸುವುದು ನಮ್ಮ ಹಾಸನದ ಕೇಂದ್ರ. ಅರ್ಧ ದಿನ ಮುಂಚೆ ಸುಳಿವು ಸಿಕ್ಕರೆ ಉಪಗ್ರಹದ ಸೂಕ್ಷ್ಮ ಭಾಗಗಳನ್ನು ಆರಿಸಿಟ್ಟು ಕಾಪಾಡಬಹುದು. ಸ್ಫೋಟ ಹುಟ್ಟುವುದು ಕಿರೀಟದ ತೀರ ಒಳಭಾಗದಲ್ಲಿ, ಬಿಂಬದ ಅಂಚಿಗೆ ಅಂಟಿಕೊಂಡಂತೆ. ವೆಲ್ಕ್ ನೋಡುವುದೂ ಅಲ್ಲಿಯೇ. 2024ರ ಜುಲೈ 16ರ ಒಂದು ಸ್ಫೋಟ ಸೂರ್ಯನಿಂದ ಯಾವ ಹೊತ್ತಿಗೆ ಹೊರಟಿತೆಂಬುದನ್ನು ವಿಜ್ಞಾನಿಗಳು ಅದರ ಸಹಾಯದಿಂದ ಲೆಕ್ಕಹಾಕಿದರು.

ಆದಿತ್ಯ ಒಂಟಿಯಲ್ಲ. ಅಮೆರಿಕದ ಪಾರ್ಕರ್ ನೌಕೆ 2024ರ ಡಿಸೆಂಬರ್ 24ರಂದು ಸೂರ್ಯನ ಮೈಯಿಂದ 61 ಲಕ್ಷ ಕಿಲೊಮೀಟರ್ ದೂರದವರೆಗೆ, ಕಿರೀಟದ ಒಳಗೇ, ನುಗ್ಗಿಬಂದಿತು. ಅದೇ ತಿಂಗಳ 5ರಂದು ಯೂರೋಪಿನ ಪ್ರೋಬಾ-3 ಎಂಬ ಜೋಡಿ ನೌಕೆಗಳನ್ನು ಶ್ರೀಹರಿಕೋಟೆಯಿಂದ ನಮ್ಮ ರಾಕೆಟ್ಟೇ ಹಾರಿಸಿತು. ಇವುಗಳಲ್ಲಿ ಒಂದು ಬಿಲ್ಲೆ ಹಿಡಿದು ಚಂದ್ರನಾಗುತ್ತದೆ. ನೂರೈವತ್ತು ಮೀಟರ್ ಹಿಂದೆ ಹಾರುವ ಇನ್ನೊಂದು ಅದರ ನೆರಳಿನಲ್ಲಿ ನಿಂತು ಕಿರೀಟವನ್ನು ಆರು ಗಂಟೆಗಳಷ್ಟು ಹೊತ್ತು ನೋಡಬಲ್ಲದು. ಎರಡರ ನಡುವಣ ಅಂತರ ಒಂದು ಮಿಲಿಮೀಟರಿನಷ್ಟೂ ತಪ್ಪದಂತೆ ಹಾರುವ ಕಸರತ್ತು ಗ್ರಹಣಕ್ಕಿಂತ ಹೆಚ್ಚು ಬೆರಗಿನದೆಂದು ನನಗೆ ತೋರುತ್ತದೆ.

ಕೃತಕ ಗ್ರಹಣಗಳು ಬಂದುವೆಂದು ಚಂದ್ರನದಕ್ಕೆ ಬೆಲೆ ತಗ್ಗಿಲ್ಲ. ಭಾರತದ ನೆಲವನ್ನು ಮುಟ್ಟುವ ಮುಂದಿನ ಖಗ್ರಾಸದ ನೆರಳು 2034ರ ಮಾರ್ಚ್ 20ರಂದು ಕಾಶ್ಮೀರ, ಲಡಾಖಿನ ಕಡೆ ಬೀಳುತ್ತದೆ; ನಮ್ಮಲ್ಲಿ ಅಂದು ಖಂಡಗ್ರಾಸ. ಅದಕ್ಕೂ ಮೊದಲು 2027ರ ಆಗಸ್ಟ್ 2ರ ಸಂಜೆ, ಈಜಿಪ್ಟ್ ಮತ್ತು ಅರೇಬಿಯಗಳಲ್ಲಿ ಖಗ್ರಾಸವಾಗುವ ಗ್ರಹಣ ನಮ್ಮ ಕಡೆ ಭಾಗಶಃ ಕಾಣುವುದು. ಅದು ನಾಗರ ಅಮಾವಾಸ್ಯೆಯ ದಿನ. ಜಮಖಂಡಿಯಲ್ಲಿ ಹರ್ಷೆಲನನ್ನು ಕಾಡಿದ ಮೋಡ ನಮ್ಮನ್ನೂ ಕಾಡೀತು. ತೆರಪು ದೊರೆತರೆ ನೋಡುವ ಬಗೆ ಹೀಗೆ: ಮಸಿ ಹಿಡಿದ ಗಾಜು, ಕ್ಷ-ಕಿರಣದ ಹಾಳೆ, ಸೆಗಣಿ ಕದಡಿದ ನೀರು, ಇವು ಯಾವುವೂ ಕಣ್ಣನ್ನು ಕಾಯುವುದಿಲ್ಲ. ಗ್ರಹಣಕ್ಕೆಂದೇ ಮಾಡಿದ, ಪ್ರಮಾಣಿತ ಕನ್ನಡಕವಿದ್ದರೆ ನೇರವಾಗಿ ನೋಡಬಹುದು. ಇಲ್ಲವೆ, ಒಂದು ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಬೆನ್ನನ್ನು ಸೂರ್ಯನ ಕಡೆಗಿಟ್ಟು, ತೂತಿನ ಮೂಲಕ ಬಂದ ಬೆಳಕನ್ನು ಬಿಳಿಯ ಗೋಡೆಯ ಮೇಲೆ ಬೀಳಿಸಿ. ಅದೂ ಬೇಡವಾದರೆ ಊರ ಹೊರಗಿನ ಹೊಂಗೆಯ ಮರದ ಕೆಳಗೆ ಮಕ್ಕಳನ್ನು ಕರೆದುಕೊಂಡು ಹೋಗಿ ನೆಲವನ್ನು ನೋಡಿದರೆ ಸಾಕು. ಎಲೆಗಳ ಸಂದಿಯೊಂದೊಂದೂ ಒಂದು ಸೂಜಿತೂತು. ದಿನವೂ ದುಂಡಗೆ ಬೀಳುವ ಬಿಸಿಲಿನ ಬೊಟ್ಟುಗಳು ಅಂದು ಒಂದು ಕಡೆ ಕಚ್ಚಿ ತಿಂದ ರೊಟ್ಟಿಯಂತೆ ಮಣ್ಣಿನ ಮೇಲೆ ಹರಡಿರುತ್ತವೆ.